ಕ್ರಿಯಾಪದಕ್ಕೆ ಕಾಯುತ್ತ

ಟ್ರೇಲರು ಒಂದು ನಿಮಿಷ ನಲವತ್ತು ಸೆಕೆಂಡು.
ಎಷ್ಟು ಸಲ ನೋಡಿದೆವೋ,
ಜುನೇದನ ಫೋನಿನ ಗಾಜಿಗೆ ಮಂಡಕ್ಕಿಯ ಉಪ್ಪು ಕೂತು
ಆ ಊರಿನ ಆಕಾಶದಲ್ಲೀಗ ಹರಳು ಹರಳು ಮಂಜು.

ಒಬ್ಬ ಅಜ್ಜ, ಕೊಡೆ ರಿಪೇರಿಯವನು.
ಅವನ ಸೊಸೆ, ಸೊಸೆಯ ಇಬ್ಬರು ಮಕ್ಕಳು,
ಮತ್ತೆ, ಕಡ್ಡಿ ಮುರಿದ ಕೊಡೆ ಹಿಡಿದು
ಬಾಗಿಲಿಗೆ ಬಂದು ನಿಲ್ಲುವ ಒಂದು ನೀರುನಾಯಿ.
ಮಗ ಎಲ್ಲಿ ಅಂತ ಯಾರೂ ಹೇಳುತ್ತಿಲ್ಲ.

ಜಪಾನಿನಲ್ಲಿ ಬೇಸಿಗೆಗೇ ಬಿಡುಗಡೆಯಾಯಿತಂತೆ.
ಇಂಗ್ಲಿಷ್ ಡಬ್ಬಿಂಗು ನಡೆದಿದೆಯಂತೆ,
ಎಲ್ಲೋ, ಯಾರದೋ ಗಂಟಲಲ್ಲಿ.
ದಾವಣಗೆರೆಗೆ ಬಂದರೆ ಒಂದೇ ಆಟ, ಅದೂ ಬೆಳಗಿನದು.
ಬರುತ್ತದೆಂದು ಹೇಳಿದವರು ಯಾರೂ ಇಲ್ಲ.
ನಮಗೆ ನಾವೇ ಹೇಳಿಕೊಂಡದ್ದು.

ನಾವು ಅಂದರೆ ನಾಲ್ಕೇ ಜನ.
ಹೈಸ್ಕೂಲಿಗೆ ಕನ್ನಡ ವ್ಯಾಕರಣ ಕಲಿಸುವ ನಾನು.
ಆಜಾದ್ ನಗರದ ಭಟ್ಟಿಯ ಜುನೇದ್.
ಹಲ್ಲಿನ ಕಾಲೇಜಿನ ಪ್ರೇಕ್ಷಾ, ಅವಳ ಚೀಲದಲ್ಲಿ
ಪ್ಲಾಸ್ಟರಿನ ದವಡೆ, ದವಡೆಯ ಮಗ್ಗುಲಲ್ಲೇ
ಅದೇ ಪ್ಲಾಸ್ಟರು ಕಲಸಿ ಮಾಡಿದ ಪುಟ್ಟ ನೀರುನಾಯಿ.
ಜುನೇದನ ಮಗಳು ಅಲೀನಾ, ಒಂದನೇ ಕ್ಲಾಸು,
ಇನ್ನೂ ಸರಿಯಾಗಿ ಓದಲು ಬಾರದು. ಜಗಳ ಅದಕ್ಕೇ.

‘ಮೂಲ ದನೀನೇ ಬೇಕು, ಕೆಳಗೆ ಅಕ್ಷರ ಓಡ್ಲಿ.
ಡಬ್ಬಿಂಗ್ ಅಂದ್ರೆ ಕಟ್ಟಿಸಿದ ಹಲ್ಲು ಮೇಡಂ,
ಅಗಿಯೋಕೆ ಬರ್ತತಿ, ರುಚಿ ಹತ್ತಲ್ಲ’ ಅಂತಾಳೆ ಪ್ರೇಕ್ಷಾ.
‘ಓಡೋ ಅಕ್ಷರಾನ ಆರು ವರ್ಷದ ಕೂಸು ಎಲ್ಲಿಂದ ಹಿಡೀಬೇಕು?
ಇಂಗ್ಲಿಷಾದ್ರೆ ಅರ್ಧನಾರ ತಿಳೀತತಿ. ಫೀಸ್ ಕಟ್ಟೀನಿ’
ಅಂತಾನೆ ಜುನೇದ್, ಜರಡಿ ಆಡಿಸುತ್ತ.

ನಾನು ಸುಮ್ಮನಿದ್ದೇನೆ.
ನಾನು ಸಿಕ್ಕಿಕೊಂಡದ್ದು ಒಂದು ನಿಮಿಷ ಹನ್ನೊಂದನೇ ಸೆಕೆಂಡಿನಲ್ಲಿ.
ಅಲ್ಲಿ ಸೊಸೆ ಹೊಸ್ತಿಲ ಮೇಲೆ ನಿಂತು ಮಕ್ಕಳಿಗೆ
ಉದ್ದಕ್ಕೆ ಒಂದೇ ವಾಕ್ಯ ಹೇಳುತ್ತಾಳೆ.
ಕೆಳಗಿನ ಇಂಗ್ಲಿಷು ಮೂರನೇ ಪದಕ್ಕೇ ‘ಇಲ್ಲ’ ಅಂದುಬಿಡುತ್ತದೆ.
ಅವಳ ದನಿ ಇನ್ನೂ ಅಲ್ಲಿಗೆ ಬಂದಿರುವುದೇ ಇಲ್ಲ.

ಜಪಾನಿ ನನಗೆ ಒಂದಕ್ಷರ ಗೊತ್ತಿಲ್ಲ.
ಆದರೂ ಆ ತಡೆ ಗೊತ್ತು.
ಕರ್ತೃ, ಕರ್ಮ, ಕ್ರಿಯಾಪದ ಅಂತ
ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದೆ, ಆಕಳಿಸಿದರು.
ಜುನೇದನ ಮನೆಯ ಉರ್ದುವೂ ಹಾಗೇ, ಗಂಟು ತುದಿಯಲ್ಲಿ.
ಅಪ್ಪ, ಮಳೆ ನಿಂತ ಮೇಲೆ, ಆ ನೀಲಿ ಕೊಡೆ ತಗೊಂಡು,
ಹೊಳೆ ದಾಟಿ, ಮನೆಗೆ ವಾಪಸ್ ಬರೋ
ಅನ್ನುವ ತನಕ ಅವನು ದಾರಿಯಲ್ಲೇ ಇದ್ದಾನೆ.
ಒದ್ದೆ ಚಪ್ಪಲಿಯ ಸಪ್ಪಳ ಕೂಡ ಕೇಳುತ್ತದೆ.
‘ದಿಲ್ಲ’ ಅಂದಮೇಲೆ ತಾನೇ ಅವನು ಹೋದದ್ದು?

ಹಾಗಾಗಿ ನನ್ನ ಕಾಯುವಿಕೆಯೇ ಬೇರೆ.
ಆ ತುಟಿ ಬರೆದದ್ದು ಅವರ ಮಾತಿನ ಅಳತೆಗೆ,
ಕೊನೆಗೆ ತೆರೆದುಕೊಳ್ಳುತ್ತದೆ.
‘ಇಲ್ಲ’ವನ್ನು ಮೊದಲೇ ಖರ್ಚು ಮಾಡಿದ ಇಂಗ್ಲಿಷಿನವಳು
ಆ ತೆರೆದ ಬಾಯಿಗೆ ಏನು ಹಾಕಿಯಾಳು?
ಮಕ್ಕಳ ಹೆಸರೋ, ಬರೀ ಉಸಿರೋ?
ಯಾವುದೋ ಊರಿನ ಗಾಜಿನ ಕೋಣೆಯಲ್ಲಿ
ಹೆಡ್‌ಫೋನ್ ಹಾಕಿಕೊಂಡು ಅವಳೂ ಇಲ್ಲೇ ಎಡವಿರಬಹುದು.

ಅಲೀನಾಳಿಗೆ ಇದಾವುದೂ ಬೇಡ.
ನೀರುನಾಯಿಯ ಮಾತು ಅವಳಿಗೆ ಬಾಯಿಪಾಠ,
ಆ ಮುದುಕಿ ಗೊಗ್ಗರುದನಿಯ ಸಮೇತ.
ಬಾಣಲೆಯ ಕಾದ ಮರಳಿಗೆ ಅಪ್ಪ ಅಕ್ಕಿ ಸುರಿದಾಗ
ಚಟಪಟದ ಮೇಲೆ ದನಿ ಎತ್ತಿ ಹೇಳುತ್ತಾಳೆ.
‘ಹಂಗಂದ್ರೇನೇ?’ ಪ್ರೇಕ್ಷಾ ಕೇಳಿದಳು.
‘ಕೊಡೆ ರೆಡಿ ಆತೇನು ಅಂತ. ಅಷ್ಟೂ ತಿಳಿಯಲ್ವಾ?’
ಒಳಗೆ ಬರಲೇ ಅಂತಿತ್ತು ಕೆಳಗಿನ ಅಕ್ಷರ.
ಓದಬಲ್ಲ ಮೂವರೂ ತಿದ್ದಲಿಲ್ಲ.

ನಿನ್ನೆ ಸಂಜೆ ಟಾಕೀಸಿನವರೆಗೆ ಹೋದೆವು.
‘ಮುಂದಿನ ಬದಲಾವಣೆ’ ಅಂತ ಬರೆದ ಗಾಜಿನ ಪೆಟ್ಟಿಗೆಯೊಳಗೆ
ನಾಲ್ಕು ಪಿನ್ನು, ಒಂದು ಹಲ್ಲಿ.
ಗೇಟಿನ ಬಸಣ್ಣ ಬಾಯ್ತುಂಬ ಎಲೆಯಡಿಕೆಯಲ್ಲಿ
‘ಯಾವ್ ಪಿಚ್ಚರ್’ ಅಂತ ಹುಬ್ಬಲ್ಲೇ ಕೇಳಿದ.
ಅಲೀನಾ ಕೊಡೆ ಹಿಡಿದ ಹಾಗೆ ಕೈ ಮಾಡಿ ನಿಂತು,
ಗೊಗ್ಗರುದನಿಯಲ್ಲಿ ಪೂರ್ತಿ ಮಾತು ಒಪ್ಪಿಸಿದಳು.
ಅವನು ಗದ್ದ ಮೇಲೆತ್ತಿ, ರಸ ಚೆಲ್ಲದ ಹಾಗೆ,
‘ಆ ಪಿಚ್ಚರು… ನಮ್ ಟಾಕೀಸಿಗೆ… ಬರೋ’
ಅಂದವನೇ ಉಗುಳಲು ಗೋಡೆಯ ಕಡೆ ತಿರುಗಿದ.

ನಾವು ನಾಲ್ವರೂ ಅವನ ಬೆನ್ನು ನೋಡುತ್ತ ನಿಂತೆವು.