ಎಂಟು ನಿಮಿಷ

ನಕ್ಷೆಯ ಮೇಲೆ ಬೆರಳಿಟ್ಟು ಅಳೆದಿದ್ದೆ:
ಮೊಂಬಾಸಾದಿಂದ ಲಿಕೋನಿಗೆ ಎಂಟು ನಿಮಿಷ.
ನಡುವೆ ಕಡಲಿದೆ ಅಂತ
ನನ್ನ ಕೋಡಿಗೆ ಯಾರೂ ಹೇಳಿರಲಿಲ್ಲ.

ಮ್ವನೈದಿ ಬೈಯಲಿಲ್ಲ.
ಮೆಹಂದಿ ಕೋನು, ಹಬೆಯ ಡಬ್ಬಿ, ಮಡಚುವ ಕುರ್ಚಿ
ನನ್ನ ಹೆಗಲಿಗೇರಿಸಿ
'ಬಾ, ಕಹಿಂದಿ' ಅಂದಳು.

ಫೆರಿ ಬಂತು, ತುಂಬಿತು, ಹೋಯಿತು.
ಇನ್ನೊಂದು ಬಂತು. ಆಡುಗಳಿಗೆ ಜಾಗ ಸಿಕ್ಕಿತು, ನಮಗಲ್ಲ.
ಆಚೆ ದಡದಲ್ಲಿ ಮದುಮಗಳು.
ನನ್ನ ಅಲಾರಂ ನಿನ್ನೆ ಅರ್ಧಕ್ಕೇ ಎಬ್ಬಿಸಿದ್ದರಿಂದ
ಒಂದು ಕೈ ಕೆಂಪು, ಒಂದು ಕೈ ಬರಿದು.

'ಎಷ್ಟು ನಿಮಿಷ ಸೇರಿಸಲಿ?'
ಸುಟ್ಟ ಜೋಳ ಬಿಡಿಸುತ್ತಾ ಅಂದಳು:
'ನೀರನ್ನೇ ಕೇಳು.'

ರಾತ್ರಿ ಆ ಖಾನೆಯ ಅಂಕಿ ಅಳಿಸಿ
ಒಂದು ಗುಂಡಿ ಇಟ್ಟೆ: 'ದಾಟಿದೆ.'
ಅವಳು ಒತ್ತಿದ ಮೇಲೆಯೇ
ಮುಂದಿನವರ ಹೊತ್ತು ಶುರು.

ಇವತ್ತು ಇನ್ನೂ ಒತ್ತಿಲ್ಲ.