ಅರ್ಧ ಇದೆ

ಡಬ್ಬಿಯ ಮುಚ್ಚಳದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ
ವಾರಿಜಳ ಅಕ್ಷರ: ೯-೪-೯೪. ಅರ್ಧ ಇದೆ.
ವಾರ್ಡಿನ ಔಷಧಿ ಬೀರುವಿಗೆ ಬರೆಯುತ್ತಿದ್ದ ಹಾಗೇ,
ತೆರೆದ ದಿನ, ಉಳಿದದ್ದೆಷ್ಟು, ಕೊನೆಗೊಂದು ಚುಕ್ಕಿ.

ಮೂವತ್ತು ವರ್ಷ ಮೆಟ್ಟಿಲ ಕೆಳಗಿತ್ತು
ತೂತು ಬಕೆಟ್ಟು, ಟಾರ್ಪಾಲು, ಯೆಜ್ಡಿಯ ಜೊತೆ.
ವಿಲ್ಸನ್ ಗಾರ್ಡನ್ನಿನ ಜಿರಳೆಗಳೆಲ್ಲ ಅದನ್ನು ಬಲ್ಲವು.
ನಾನು ಮರೆತಿದ್ದೆ, ಅಥವಾ ಹಾಗಂದುಕೊಂಡಿದ್ದೆ.

ಸಿದ್ದಾಪುರದ ನರ್ಸರಿಗಳ ಸಾಲು ಮುಗಿದ ಕಡೆ
ಅಮೀರ್‌ಜಾನರ ಶೆಡ್ಡು. ಎರಡು ತಿಂಗಳು
ಬಿಚ್ಚಿದರು, ಉಜ್ಜಿದರು, ಜೋಡಿಸಿದರು.
ಉಳಿದದ್ದು ಗೇರ್‌ಬಾಕ್ಸಿನ ಎಣ್ಣೆ.
ಇದನ್ನೇ ಹಾಕಬಹುದಾ? ಡಬ್ಬಿ ಚಾಚಿದೆ.
ಎಕ್ಸ್‌ಪೈರಿ ಎಲ್ಲೂ ಬರೆದಿಲ್ಲ.

ನಕ್ಕರು. ಎಣ್ಣೆಗೆ ಬೇಗ ವಯಸ್ಸಾಗಲ್ಲ ಸಿಸ್ಟರ್.
ಸೀಲು ಇದ್ದಿದ್ದರೆ ಅಲ್ಲಾಡಿಸಿ, ನೋಡಿ, ಹಾಕ್ತಿದ್ದೆ.
ಇದು ತೆರೆದದ್ದು. ತೆರೆದದ್ದಕ್ಕೆ ಗಾಳಿ ಗೊತ್ತು,
ಗಾಳಿಗೆ ಈ ಊರಿನ ಮಳೆ ಗೊತ್ತು.

ಮೂಸಿದರು. ಗಂಧಕದ ನಾತ ಇಲ್ಲ, ಪುಣ್ಯ.
ಲಾರಿ ಗೇರಿಂದಾಗಿದ್ದರೆ ಕಂಚಿನ ಬುಷ್ಷು ತಿಂದು
ಕ್ಲಚ್ಚನ್ನೂ ಜಾರಿಸುತ್ತಿತ್ತಂತೆ.
ಒಂದೇ ತೊಟ್ಟಿಯಲ್ಲಿ ಮೀಯೋರು ಅವರು,
ಒಬ್ಬರಿಗೆ ಆಗೋದು ಇನ್ನೊಬ್ಬರಿಗೂ ಆಗಬೇಕು.

ತೊಳೆದ ಕ್ವಾರ್ಟರ್ ಬಾಟಲಿಗೆ ಸುರಿದು
ನನ್ನ ಕೈಗೇ ಕೊಟ್ಟರು, ಬಿಸಿಲಿಗೆ ಹಿಡೀರಿ.
ಮೂವತ್ತಾರು ವರ್ಷ ಅದನ್ನೇ ಮಾಡಿದ ಕೈ:
ಸಲೈನಿನಲ್ಲಿ ತೇಲುವ ಎಳೆ, ಮೂತ್ರದ ಮಬ್ಬು,
ರಾತ್ರಿಪಾಳಿಯ ಮೂರು ಗಂಟೆಗೆ ಟ್ಯೂಬ್‌ಲೈಟಿನಡಿ
ವಾರಿಜ ಒಂದು ಕಣ್ಣು ಮುಚ್ಚಿ ನೋಡುವಳು, ಆಮೇಲೆ ನಾನು.
ಕೆಲವಕ್ಕೆ ಇಬ್ಬರ ಸಹಿಯೂ ಬೇಕಿತ್ತು.

ಮೇಲೆ ಜೇನಿನ ಬಣ್ಣ.
ತಳದಲ್ಲಿ ಆರಿದ ಕಾಫಿಯ ಕೆನೆ.
ಚೆನ್ನಾಗೇ ಇದೆ ಅಲ್ವಾ, ಅಂದೆ.
ರೋಗಿಯ ಕಡೆಯವರು ನನ್ನನ್ನು ಕೇಳುತ್ತಿದ್ದ ದನಿ.

ಅಮೀರ್‌ಜಾನ್ ಮಾತಾಡದೆ ಸ್ಟವ್ ಹಚ್ಚಿ
ತಗಡೊಂದು ಕಾಸಿ, ಬಿಟ್ಟರು ಒಂದು ಹನಿ.
ಚಟಚಟ.
ನೀರಿದೆ. ಕೇಳಿಸಿತಲ್ಲ?
ಇನ್ನೊಂದು ಹನಿ ಹಾಕಿ, ಅಂದೆ.
ಹಾಕಿದರು. ಚಟಚಟ.
ಇವತ್ತೇನೂ ಆಗಲ್ಲ ಸಿಸ್ಟರ್. ಆರು ತಿಂಗಳಿಗೆ
ಬೇರಿಂಗು ತುಕ್ಕು ಹಿಡಿದು ಅಳುತ್ತೆ.

ನಮ್ಮ ಜಗಳ ಯಾತಕ್ಕೆಂದರೆ ನಗುತ್ತೀರಿ.
ಇಬ್ಬರ ಸಂಬಳ ಕೂಡಿಸಿ ಕೊಂಡ ಗಾಡಿ, ಹೆಲ್ಮೆಟ್ಟು ಒಂದೇ.
ಓಡಿಸುವವಳಿಗೋ, ಹಿಂದೆ ಕೂತವಳಿಗೋ?
ವಾಣಿವಿಲಾಸ ಆಸ್ಪತ್ರೆಯ ಗೇಟಿನಲ್ಲಿ ಶುರುವಾಗಿ
ಮಿನರ್ವ ಸರ್ಕಲ್ಲಿನವರೆಗೂ ಕೂಗಾಡಿದೆವು.
ಸಿಗ್ನಲ್ಲಿನಲ್ಲಿ ಇಳಿದು ನಡೆದುಬಿಟ್ಟಳು.
ಹೆಲ್ಮೆಟ್ಟು ಅವಳ ತಲೆಯ ಮೇಲೇ ಇತ್ತು.
ವಾರದ ಮೇಲೆ ತಮ್ಮ ಬಂದು ಟ್ರಂಕು ಒಯ್ದ,
ಹೆಲ್ಮೆಟ್ಟಿನ ಸುದ್ದಿ ಅವನೂ ಎತ್ತಲಿಲ್ಲ.

ಜೆ.ಸಿ. ರೋಡಿನಿಂದ ಹುಡುಗ ಹೊಸ ಡಬ್ಬಿ ತಂದ.
ಹಳೇದನ್ನ ಮೋರಿಗೆ ಚೆಲ್ಲಬೇಡಿ,
ಗೇಟಿನ ತಿರುಗಣಿಗೆ ಬಿಡಿ, ಅದಕ್ಕೆ ಸಾಕು.
ಎಲ್ಲಿಗೆ ಹೊರಟಿರಿ, ಇಷ್ಟು ವರ್ಷದ ಮೇಲೆ?
ರಾಜಾಜಿನಗರ. ಆರ್.ಸಿ. ಅವಳ ಹೆಸರಲ್ಲಿದೆ, ಸಹಿ ಬೇಕು.
ಅಷ್ಟೇನಾ?
ಅಷ್ಟೇ.

ಯೆಜ್ಡಿಯಲ್ಲಿ ಒದೆಯುವ ಕಡ್ಡಿಯೇ ಗೇರಿನ ಕಡ್ಡಿ.
ಎತ್ತಿ ಒದೆಯಬೇಕು, ಇಳಿಸಿ ಒತ್ತಬೇಕು.
ಏಳನೇ ಒದೆತಕ್ಕೆ ಹೊಗೆ ಬಂತು,
ಗುಲಾಬಿ ಸಸಿಗೆ ನೀರು ಬಿಡುತ್ತಿದ್ದವನು ಕೆಮ್ಮಿದ.

ಹಳೇ ಡಬ್ಬಿ ಹ್ಯಾಂಡಲಿನ ಚೀಲದಲ್ಲಿ ತೂಗುತ್ತಿದೆ.
ಒಂದಷ್ಟು ಬಾಟಲಿಗೆ ಹೋಗಿದೆ, ಎರಡು ಹನಿ ತಗಡಿಗೆ.
ಅವಳು ಕೈಯಲ್ಲೇ ತೂಕ ಹಿಡಿಯುವವಳು.
ಮುಚ್ಚಳ ಓದಿ, ಡಬ್ಬಿ ಅಲ್ಲಾಡಿಸಿ
ಮೊದಲು ಅದನ್ನೇ ಕೇಳುತ್ತಾಳೆ:
ಅರ್ಧ ಇತ್ತಲ್ಲೇ?