ನಾಲ್ಕು ದಿನದ ಲಿಸ್ಬನ್

ವೀಸಾ ಬರಲಿಲ್ಲ.
ಪಾಸ್‌ಪೋರ್ಟಿನ ಜೊತೆ ಬಂದ ಹಾಳೆಯಲ್ಲಿ
ಕೆಳಗಿನದೊಂದು ಚೌಕಕ್ಕೆ ಗುರುತು ಹಾಕಿದ್ದರು:
ಅರ್ಜಿದಾರರು ವಾಪಸು ಹೋಗುವರೆಂಬ ನಂಬಿಕೆಯಿಲ್ಲ.

ನಾನು!
ಹತ್ತೊಂಬತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ
ಸಂಜೆ ಕ್ಯಾಶು ತಾಳೆಯಾದ ಮೇಲೆ
ಸಿಟಿ ಬಸ್ಸು ಹತ್ತಿ ನಿಟ್ಟುವಳ್ಳಿಗೆ
ವಾಪಸು ಹೋಗುವುದೊಂದನ್ನು ಬಿಟ್ಟು
ಬೇರೇನೂ ಮಾಡಿರದವಳು.

ರಜೆ ಮಂಜೂರಾಗಿತ್ತು.
ಪಕ್ಕದ ಕೌಂಟರಿನ ಫರೀದಾ ಚಾಕಲೇಟು ಹೇಳಿದ್ದಳು,
ಮ್ಯಾನೇಜರು ಕೊಟ್ರೇಶಪ್ಪ ಹಾರ ಹಾಕಿ ಫೋಟೋ ತೆಗೆಸಿದ್ದರು.
ಸೇವಂತಿಗೆ ಇನ್ನೂ ಬಾಡಿರಲಿಲ್ಲ.
ಆ ಮುಖಗಳಿಗೆ ಈ ಮುಖ ತೋರಿಸಲಾಗದೆ
ಚಕ್ರದ ಪೆಟ್ಟಿಗೆ ಎಳೆದುಕೊಂಡು
ಚಿತ್ರದುರ್ಗದ ಬಸ್ಸು ಹತ್ತಿದೆ.
ಒಂದೂವರೆ ತಾಸಿನ ವಿದೇಶ.
ಕಂಡಕ್ಟರು ಪೆಟ್ಟಿಗೆಗೂ ಟಿಕೆಟು ಹರಿದ.

ಬುರುಜನಹಟ್ಟಿಯಲ್ಲಿ ಮಹಡಿ ಮೇಲೊಂದು ಕೋಣೆ,
ದಿನಬಾಡಿಗೆ, ಪಾಲಮ್ಮನದು.
"ಇಲ್ಲಿ ಯಾರವ್ವಾ ನಿಮ್ಮೋರು?"
"ಯಾರೂ ಇಲ್ಲ."
"ಮತ್ಯಾಕ್ ಬಂದ್ರಿ?"
ರಾಯಭಾರ ಕಚೇರಿಯೂ ಇದನ್ನೇ ಕೇಳಿತ್ತು,
ಮೂರು ಪ್ರತಿಗಳಲ್ಲಿ.
ಪಾಲಮ್ಮ ಉತ್ತರಕ್ಕೆ ಕಾಯದೆ ಬೀಗದ ಕೈ ಕೊಟ್ಟಳು.

ಮೊದಲ ದಿನ ಬಾಗಿಲು ಹಾಕಿಕೊಂಡೇ ಇದ್ದೆ.
ಗುರುತಿನವರು ಕಂಡರೆ?
ಸಂಜೆ ಕಿಟಕಿಯ ಸರಳಿನ ನಡುವೆ ಒಂದು ತಲೆ ತೂರಿತು.
ತಲೆ ತೂರಿದರೆ ಮೈಯೂ ತೂರಿದಂತೆಯೇ, ಆ ಜಾತಿಗೆ.
ಬೂದು ಬಣ್ಣ, ಎಡಗಿವಿ ಹರಕು,
ಬಾಲದ ತುದಿ ಯಾವುದೋ ಬಾಗಿಲಿಗೆ ಕೊಟ್ಟು ಬಂದದ್ದು.
ಪೆಟ್ಟಿಗೆ, ಚಪ್ಪಲಿ,
ಚಳಿಯೂರಿಗೆಂದು ಕೊಂಡ ಉಣ್ಣೆಯ ಕೋಟು,
ಒಂದೊಂದನ್ನೂ ಕಸ್ಟಮ್ಸಿನವರ ಹಾಗೆ ಮೂಸಿ ನೋಡಿತು.
ಏನೂ ಬರೆದುಕೊಳ್ಳಲಿಲ್ಲ.
ಕೋಟಿನ ಮೇಲೆ ಸುತ್ತಿಕೊಂಡು ಮಲಗಿತು.

ಮರುದಿನ ಅದರ ಹಿಂದೆಯೇ ಮೆಟ್ಟಿಲಿಳಿದೆ.
ಪಾಲಮ್ಮನಿಗೆ ಅದು ಬೂದಿ.
ಬೇಕರಿಯ ಜಬ್ಬಾರನಿಗೆ ನವಾಬ.
ಮೂಲೆಮನೆ ಹುಡುಗಿಗೆ ಸಿರಿಗೌರಿ.
"ಗಂಡು ಕಣೇ ಅದು" ಎಂದರೆ
"ಇದ್ರೆ ಇರ್ಲಿ ಬಿಡಿ" ಅಂದಳು.
ನಾನು ಹೆಸರಿಡಲಿಲ್ಲ. ನಾಲ್ಕು ದಿನದವಳು.
ಪರಸ್ಥಳದ ಹೊಸ ಪರಿಚಯ, ಏಕವಚನ ಸಲ್ಲದೆಂದು
"ನೀವು" ಎಂದೆ.
"ಹಾಲು ತಗೊಳ್ಳಿ. ಬಿಸಿಯಿದೆ, ತಾಳಿ."
ನಲವತ್ತನಾಲ್ಕು ವರ್ಷದಲ್ಲಿ
ಬೆಕ್ಕೆಂದರೆ ಕೈಗೆ ಸಿಕ್ಕಿದ್ದು ಎಸೆದವಳು.

ಮೂರನೇ ಸಂಜೆ ಫರೀದಾಳ ಮೆಸೇಜು:
ಹೆಂಗೈತಿ ಲಿಸ್ಬನ್? ಫೋಟೋ ಹಾಕು.
ಸುತ್ತ ನೋಡಿದೆ. ಏರು ಓಣಿ, ಕಲ್ಲಿನ ಗೋಡೆ,
ದೂರದ ಗುಡ್ಡದ ಮೇಲೆ ತಿರುಗುವ ಗಾಳಿಗಿರಣಿ,
ಗೋಡೆಯ ಮೇಲೆ ಬಿಸಿಲು ಕಾಯುತ್ತ ಅವರು.
ಕನ್ನಡದ ಬೋರ್ಡುಗಳನ್ನೆಲ್ಲ ತಪ್ಪಿಸಿ ತೆಗೆದು ಕಳಿಸಿದೆ.
ಗುಂಪಿನಲ್ಲಿ ಹೃದಯಗಳ ಸುರಿಮಳೆ.
ಅಲ್ಲಿಯ ಬೆಕ್ಕೂ ನಮ್ಮ ಬೆಕ್ಕಿನಂಗೇ ಐತಲ್ಲೇ!
ಕೊಟ್ರೇಶಪ್ಪನವರು ಬರೆದರು:
ಏನೇ ಹೇಳಿ ಮೇಡಂ,
ಕಲ್ಲು ಮಾತ್ರ ನಮ್ಮ ದುರ್ಗದ್ದೇ ಚೆಂದ.
ಒಬ್ಬಳೇ ನಕ್ಕೆ. ಓಣಿಯ ಇಬ್ಬರು ತಿರುಗಿ ನೋಡಿದರು.

ನಾಲ್ಕನೇ ದಿನ ಪೆಟ್ಟಿಗೆ ಕಟ್ಟಿದೆ.
"ಫಾರಿನ್ ಚಾಕಲೇಟು ಇದೆಯಾ?"
ಜಬ್ಬಾರ್ ಗಲ್ಲಾದ ಅಡಿಯಿಂದ
ಭಾವಮೈದ ದುಬೈಯಿಂದ ತಂದದ್ದು ತೆಗೆದುಕೊಟ್ಟ.
ಸುತ್ತಿನ ಅಕ್ಷರಗಳು ಇಬ್ಬರಿಗೂ ಬಾರದವು.
ಸಾಕು, ಅಷ್ಟು ವಿದೇಶ.

ಬೆಕ್ಕು ಬರಲಿಲ್ಲ.
ಹನ್ನೊಂದರ ಬಸ್ಸು ಬಿಟ್ಟೆ, ಒಂದರದನ್ನೂ.
"ಮೀನಿನವನು ಬರೋ ದಿನ ಇವತ್ತು,
ಬೂದಿ ಯಾರ ಮಾತೂ ಕೇಳಲ್ಲ" ಎಂದಳು ಪಾಲಮ್ಮ.
ಮೂರರದು ಹೋಯಿತು. ಐದರದು.
ಹಾಲು ಕೆನೆಗಟ್ಟಿತು.

ಎಲ್ಲಿಯದೋ ಮೇಜಿನ ಹಿಂದೆ ಕೂತು
ಆ ಚೌಕಕ್ಕೆ ಗುರುತು ಹಾಕಿದವನು
ನನ್ನನ್ನು ಕಂಡವನಲ್ಲ, ನನ್ನೊಡನೆ ಮಾತಾಡಿದವನಲ್ಲ.
ಅವನಿಗೆ ಹೇಗೆ ಗೊತ್ತಾಯಿತು?

ಕಡೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ.
"ಹತ್ತಕ್ಕೊಂದೈತೆ. ಅದೂ ಬಂದ್ರೆ ಬಂತು."
ತಟ್ಟೆಯನ್ನು ಸರಳಿನ ಹತ್ತಿರಕ್ಕೆ
ಇನ್ನಷ್ಟು ಸರಿಸಿದೆ.